ಎದೆಯೊಳಗಿನ ಒಂದು ಮಿಲಿವೋಲ್ಟ್

ಕಾರ್ಖಾನೆ ಹಂಗಾಮು ಶುರುವಾದರೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ರಸ್ತೆಯೆಲ್ಲ ಕಬ್ಬಿನ ಟ್ರ್ಯಾಕ್ಟರುಗಳದ್ದೇ. ನಿಪ್ಪಾಣಿಯಲ್ಲಿ ಅದರ ಜತೆಗೆ ತಂಬಾಕಿನ ಘಾಟು. ಪೇಟೆಯ ದವಾಖಾನೆಯ ಒಳಕೋಣೆಯವರೆಗೂ ಅದು ಬರುತ್ತದೆ. ಅಲ್ಲಿ ಕಾಕಾ ಒಬ್ಬರು ಅಥಣಿ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಅಂಗಿ ಕಳಚಿ ಮಂಚದ ಮೇಲೆ ಮಲಗಿದ್ದಾರೆ. ಕೈಕಾಲಿಗೆ ನಾಲ್ಕು ಕ್ಲಿಪ್ಪು, ಎದೆಗೆ ತಣ್ಣನೆಯ ಜೆಲ್ ಸವರಿ ಕೂರಿಸಿದ ಆರು ರಬ್ಬರ್ ಬುರುಡೆ.

“ಕರೆಂಟ್ ಹೊಡೀತದೇನ ತಂಗಿ?”

“ಇಲ್ರಿ ಕಾಕಾ. ಇದು ನಿಮ್ಮ ಎದ್ಯಾಗಿನ ಕರೆಂಟ್ ನೋಡೂದು, ಕೊಡೂದಲ್ಲ. ಅಲ್ಲಾಡಬ್ಯಾಡ್ರಿ.”

ಗುಲಾಬಿ ಚೌಕಳಿ ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಹೊರಬರುತ್ತದೆ. ಸರಿಯಿರುವ ಹೃದಯವಾದರೆ ಅದರಲ್ಲಿ ಮೊದಲೊಂದು ಪುಟ್ಟ ಉಬ್ಬು, ಚೂರು ಸಪಾಟು ಗೆರೆ, ಆಮೇಲೆ ಸರ್ರನೆ ಏರಿಳಿಯುವ ಮೊನೆ, ಕೊನೆಗೆ ಅಗಲವಾದ ಇನ್ನೊಂದು ಉಬ್ಬು. ಹತ್ತು ಮಿಲಿಮೀಟರ್ ಎತ್ತರವೆಂದರೆ ಒಂದು ಮಿಲಿವೋಲ್ಟ್. ಬ್ಯಾಟರಿ ಸೆಲ್ಲಿನದು ಅದರ 1,500 ಪಟ್ಟು.

ಕಿಡಿ ಹುಟ್ಟುವುದು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ, ಕೀತ್ ಮತ್ತು ಫ್ಲ್ಯಾಕ್ 1907ರಲ್ಲಿ ವಿವರಿಸಿದ ಗಂಟಿನಲ್ಲಿ. ಸೋಡಿಯಂ, ಕ್ಯಾಲ್ಸಿಯಂ ಕಣಗಳು ಒಳನುಸುಳುತ್ತ ಅಲ್ಲಿನ ಜೀವಕೋಶಗಳು ತಾವಾಗಿಯೇ ಮಿಡಿಯುತ್ತವೆ. ಮಿದುಳಿನ ಅಪ್ಪಣೆ ಬೇಕಿಲ್ಲ. ನರಗಳು ವೇಗ ಏರಿಳಿಸಬಲ್ಲವು ಅಷ್ಟೆ. ಬೀಡಿಯ ನಿಕೋಟಿನ್ ಕೂಡ ವೇಗ ಏರಿಸುತ್ತದೆ. ಹೆಸ್ಕಾಂನ ತ್ರೀ ಫೇಸಿಗೆ ರೈತರು ರಾತ್ರಿಯೆಲ್ಲ ಕಾಯುವ ಸೀಮೆಯಲ್ಲಿ ಇದೊಂದೇ ಕೈಕೊಡದ ಪೂರೈಕೆ, ಹೆಚ್ಚುಕಡಿಮೆ.

ನನಗೆ ಅಚ್ಚರಿಯೆನಿಸುವುದು ಏನೂ ನಡೆಯದಂತೆ ಕಾಣುವ ಆ ಸಪಾಟು ಗೆರೆ. ಜಪಾನಿನ ತವಾರ 1906ರಲ್ಲಿ ವಿವರಿಸಿದ ಇನ್ನೊಂದು ಗಂಟು ಅಲ್ಲಿ ಕರೆಂಟನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತಡೆದು ನಿಲ್ಲಿಸುತ್ತದೆ. ಅಷ್ಟರಲ್ಲಿ ಮೇಲಿನ ಕೋಣೆಗಳ ರಕ್ತ ಕೆಳಗಿಳಿಯಬೇಕು. ಆಮೇಲೆ ಪರ್ಕಿಂಜೆ ತಂತುಗಳಲ್ಲಿ ಕರೆಂಟ್ ನುಗ್ಗಿ ಕೆಳಕೋಣೆಗಳು ಒಮ್ಮೆಗೇ ಹಿಂಡುತ್ತವೆ.

ಕಾಕಾನ ಕಾಗದದಲ್ಲಿ ಮೊದಲ ಉಬ್ಬೇ ಇಲ್ಲ. ಅದರ ಜಾಗದಲ್ಲಿ ಗೆರೆ ಗಡಗಡ ನಡುಗಿದೆ; ಮೊನೆಗಳ ನಡುವೆ ಒಮ್ಮೆ ಹನ್ನೆರಡು ಚೌಕ, ಒಮ್ಮೆ ಹತ್ತೊಂಬತ್ತು, ಮತ್ತೆ ಹದಿನೈದು. ಹೃತ್ಕರ್ಣಗಳಲ್ಲಿ ನಿಮಿಷಕ್ಕೆ 350ಕ್ಕೂ ಮೀರಿ ಕಿಡಿಗಳೆದ್ದು, ತವಾರನ ಗಂಟು ಸಿಕ್ಕಷ್ಟನ್ನು ಹೇಗೆಂದರೆ ಹಾಗೆ ಕೆಳಗೆ ಬಿಡುತ್ತಿದೆ. ಹೀಗಾದಾಗ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೂ ಹೋಗಬಹುದು.

“ಬೀಡಿ?” ಡಾಕ್ಟರು ಕೇಳಿದರು.

“ದಿನಕ್ಕೊಂದ ಕಟ್ಟರಿ, ಸಾಹೇಬ್ರ.”

“ಇವತ್ತಿಗೇ ಬಿಡ್ರಿ. ಎಕೋ ಮಾಡಿಸಬೇಕು. ಕೊಲ್ಲಾಪುರಕ್ಕ ಹೋಗ್ತೀರೋ, ಮಿರಜಿಗೋ?”

“ಮಿರಜಿಗೇ ಬರದ ಕೊಡ್ರಿ. ಕಾಗವಾಡದಾಗ ಮಗಳ ಮನಿ ಐತಿ.”