ಹಳ್ಳಿಯಲ್ಲಿ ವೈದ್ಯಶಿಕ್ಷಣ

“ಮಗಳನ್ನು ವೈದ್ಯವಿದ್ಯೆಗೆ ಕಳುಹಿಸುವೆವು; ಆದರೆ ಹಳ್ಳಿಗೆ ಹಾಕಿದರೆ ಏನು ಮಾಡುವುದಮ್ಮ?” ಎಂದು ತಂದೆತಾಯಿಗಳು ನನ್ನನ್ನು ಕೇಳುವುದುಂಟು. ದಾದಿಯ ಶಿಕ್ಷಣಕ್ಕೆ ಹೋಗತಕ್ಕ ಹುಡುಗಿಯರ ಮನೆಯವರಿಗೂ ಇದೇ ಅಂಜಿಕೆ. ಆದುದರಿಂದ ಈ ಹಳ್ಳಿಯ ತರಬೇತು ಏತಕ್ಕೆಂಬುದನ್ನು ಕೊಂಚ ವಿವರಿಸುವೆನು.

ಬಸುರಿಯೊಬ್ಬಳಿಗೆ ರಕ್ತಹೀನತೆಯಿದೆಯೆಂದು ಭಾವಿಸಿರಿ. ದೊಡ್ಡ ಆಸ್ಪತ್ರೆಯಲ್ಲಾದರೆ ವಿದ್ಯಾರ್ಥಿನಿಯು ಆಕೆಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ರಕ್ತಪರೀಕ್ಷೆ ಮಾಡಿಸಿ, ಕಬ್ಬಿಣಾಂಶದ ಮಾತ್ರೆ ಕೊಡಿಸಿದರೆ ಅಂದಿನ ಪಾಠ ಮುಗಿಯಿತು. ಆಕೆಯ ಮನೆಗೇ ಹೋದರೆ ಅವೇ ಮಾತ್ರೆಗಳು ಗೋಡೆಯ ಗೂಡಿನಲ್ಲಿ ಹಾಗೆಯೇ ಉಳಿದಿರುವುದು ಕಾಣಬಹುದು. ಮಲವು ಕಪ್ಪಾಯಿತೆಂದು ಹೆದರಿ ಬಿಟ್ಟಿರಬಹುದು. ಕೂಸು ಬಹಳ ಬೆಳೆದು ಹೆರಿಗೆ ಕಷ್ಟವಾದೀತೆಂದು ಅತ್ತೆ ತಡೆದಿರಬಹುದು. ನುಂಗಿದರೂ ಚಹದೊಡನೆ ನುಂಗುತ್ತಿರಬಹುದು. ಚಹವು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡದು. ಇದನ್ನೆಲ್ಲ ಅತ್ತೆಯ ಮನಸ್ಸು ನೋಯದಂತೆ ಕೇಳಿ ತಿಳಿಯುವ ಜಾಣ್ಮೆ ವಾರ್ಡಿನಲ್ಲಿ ನಿಂತರೆ ಬರತಕ್ಕದ್ದಲ್ಲ.

ವಿಚಾರವು ಹೊಸದೇನಲ್ಲ. ವೆಲ್ಲೂರಿನಲ್ಲಿ 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆಯನ್ನು ತೆರೆದ ಡಾಕ್ಟರ್ ಐಡಾ ಸ್ಕಡರ್ ಅಮ್ಮನವರು ಹಳ್ಳಿಯ ಹಾದಿಬದಿಯಲ್ಲಿ ಗಾಡಿ ನಿಲ್ಲಿಸಿ ರೋಗಿಗಳನ್ನು ನೋಡುತ್ತಿದ್ದರು. ಭೋರ್ ಸಮಿತಿಯು 1946ರಲ್ಲಿಯೇ ವೈದ್ಯವಿದ್ಯಾರ್ಥಿಗಳಿಗೆ ರೋಗನಿರೋಧ ಮತ್ತು ಸಮಾಜಾರೋಗ್ಯದಲ್ಲಿ 3 ತಿಂಗಳ ತರಬೇತು ಬೇಕೆಂದಿತ್ತು. ಈಗ ಈ ಕಾರ್ಯವು ವಿಸ್ತರಿಸುತ್ತಿದೆ. 2021–22ರ ತಂಡದಿಂದ ಮೊದಲ್ಗೊಂಡು ಎಂ.ಬಿ.ಬಿ.ಎಸ್. ಓದುವವರು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ವರ್ಷದಿಂದ ವರ್ಷಕ್ಕೆ ನೋಡಿಕೊಳ್ಳತಕ್ಕ ಏರ್ಪಾಡಾಗಿದೆ. ಸ್ನಾತಕೋತ್ತರ ವೈದ್ಯರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ 3 ತಿಂಗಳ ಕೆಲಸ ಗೊತ್ತಾಗಿದೆ. ದಾದಿಯರಿಗಂತೂ ಮನೆಮನೆಯ ಭೇಟಿ ಪಾಠದ ಅಂಗವೇ ಸರಿ.

ಇಷ್ಟು ಹೇಳಿದೆನೆಂದು ಹೆತ್ತವರ ಅಂಜಿಕೆಯನ್ನು ಹುಸಿಯೆನ್ನಲಾರೆ. ಅಗುಳಿ ಸರಿಯಿಲ್ಲದ ಕೋಣೆ, ನೀರಿಲ್ಲದ ಬಚ್ಚಲು, ಸಂಶಯ ಬಂದಾಗ ಕೇಳಲು ಹಿರಿಯರಿಲ್ಲದ ರಾತ್ರಿ—ಇವುಗಳ ನಡುವೆ ಹುಡುಗಿಯನ್ನು ಬಿಟ್ಟುಬರುವುದನ್ನು ಶಿಕ್ಷಣವೆಂದು ಕರೆಯಲು ನನಗೆ ಮನಸ್ಸು ಬಾರದು; ರೋಗಿಗೂ ಅದು ಅಪಾಯವೇ. ಆದರೆ ಅದಕ್ಕಾಗಿ ಮಗಳನ್ನು ತಡೆಯಬೇಡಿರಿ. ಕಾಲೇಜಿಗೆ ಸೇರಿಸುವಾಗಲೇ ಕೇಳಿರಿ: ಹಳ್ಳಿಯಲ್ಲಿ ವಸತಿ ಎಲ್ಲಿ? ಜೊತೆಗಿದ್ದು ಕಲಿಸುವವರು ಯಾರು? ರೋಗ ಬಲಿತವರನ್ನು ತಾಲ್ಲೂಕು ಆಸ್ಪತ್ರೆಗೆ ಸಾಗಿಸಲು ವಾಹನವುಂಟೆ? ಪೀಸಿನ ವಿಷಯದಲ್ಲಿ ನಾವು ಇಷ್ಟು ಸಂಕೋಚಪಡುವುದಿಲ್ಲವಷ್ಟೆ!

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವೈದ್ಯೆಯರೋ ದಾದಿಯರೋ ಆಗಿ ಹಳ್ಳಿಗಾಡಿನಲ್ಲಿ ಇರುವವರು, ಇಂಥ ಹುಡುಗಿಯರಿಗೆ ಒಂದು ಕೋಣೆಯನ್ನೋ ಸಂಜೆಯ ಒಂದು ಗಂಟೆಯ ಪಾಠವನ್ನೋ ಕೊಡಬಲ್ಲವರಾದರೆ ದಯಮಾಡಿ ಶಾಲೆಗೆ ಕಾಗದ ಬರೆಯಿರಿ. ಈ ವರ್ಷ ಹೊರಡತಕ್ಕವರಿಗೆ ನಿಮ್ಮ ವಿಳಾಸವನ್ನು ನಾನೇ ತಿಳಿಸುವೆನು.