ಗಂಟೆಯ ಸದ್ದಿಗೆ ಓಡಿ ಬಂದ ಮಕ್ಕಳು

ಜೂನ್ ತಿಂಗಳ 24ನೇ ತಾರೀಕು ಗೋವೆಯ ಹಳ್ಳಿಗಳಲ್ಲಿ ಬಾವಿಗೆ ಹಾರುವ ದಿನ. ಮಳೆ ಹಿಡಿದು ಬಾವಿಗಳು ತುಂಬಿ ನಿಂತಿರುತ್ತವೆ. ಹೂವು, ಎಲೆ, ಬಳ್ಳಿಗಳಿಂದ ಹೆಣೆದ 'ಕೊಪೆಲ್' ಎಂಬ ಕಿರೀಟ ತಲೆಗೇರಿಸಿ, ಘುಮಟೆ ಬಡಿಯುತ್ತ ಮನೆಯಿಂದ ಮನೆಗೆ ಗುಂಪು ಹೊರಡುತ್ತದೆ. ಬಾವಿ ಸಿಕ್ಕಿದಲ್ಲೆಲ್ಲ 'ವಿವಾ ಸಾಂವ್ ಜುವಾಂವ್' ಎಂದು ಕೂಗಿ ಧುಮುಕುವುದು, ಮೇಲೆ ಬಂದು ಮನೆಯವರು ಕೊಟ್ಟ ಹಣ್ಣು ತಿಂಡಿ ಹಂಚಿಕೊಳ್ಳುವುದು, ಮತ್ತೆ ಮುಂದಿನ ಬಾವಿಗೆ ಓಡುವುದು.

ನೋಡುವವರಿಗೆ ಇದು ಬರೀ ನೀರಾಟ. ಆದರೆ ಯಾಕೆ ಹಾರುತ್ತೀ ಎಂದು ಅಲ್ಲಿಯ ಒಬ್ಬ ಹುಡುಗನನ್ನು ಕೇಳಿದರೆ, ಅವನು ಬೈಬಲಿನ ಒಂದು ಕಥೆಯನ್ನೇ ಹೇಳಿಯಾನು. ಗರ್ಭಿಣಿ ಮರಿಯಮ್ಮ ತನ್ನ ಬಂಧು ಎಲಿಜಬೆತಳನ್ನು ಕಾಣಲು ಹೋದಾಗ, ಎಲಿಜಬೆತಳ ಹೊಟ್ಟೆಯೊಳಗಿದ್ದ ಶಿಶು ಸಂತೋಷದಿಂದ ಕುಣಿಯಿತೆಂದು ಲೂಕನ ಸುವಾರ್ತೆ ಹೇಳುತ್ತದೆ. ಆ ಶಿಶುವೇ ಮುಂದೆ ಜೋರ್ದಾನ್ ನದಿಯಲ್ಲಿ ಏಸುವಿಗೆ ದೀಕ್ಷಾಸ್ನಾನ ಕೊಟ್ಟ ಯೊವಾನ್ನ. ಬಾವಿಯೇ ತಾಯ ಗರ್ಭ, ಹಾರಾಟವೇ ಆ ಕುಣಿತ. ಪುಸ್ತಕದಲ್ಲಿ ನಾಲ್ಕು ಸಾಲು ಓದಿ ಮರೆಯಬಹುದಾದದ್ದನ್ನು ಮಗು ಮೂಗಿಗೆ ನೀರು ಹೊಕ್ಕಿಸಿಕೊಂಡು ಕಲಿಯುತ್ತದೆ. (ದೊಡ್ಡವರು ಅಂದು ಕುಡಿದು ಹಾರುವುದೂ ಉಂಟು, ಪ್ರಾಣಕ್ಕೆ ಎರವಾಗುವುದೂ ಉಂಟು. ಅದು ಬೇರೆ ಪಾಠ.)

ಜನವರಿ 6ರಂದು ಇಂಥದೇ ಇನ್ನೊಂದು. ಕಾನ್ಸಾವ್ಲಿಂ, ಆರೋಸಿಂ, ಕುಯೆಲಿಂ ಎಂಬ ಮೂರು ಊರುಗಳಿಂದ ಮೂವರು ಹುಡುಗರು ರಾಜರ ವೇಷ ತೊಟ್ಟು, ಕುದುರೆಯೇರಿ, ಬೇರೆ ಬೇರೆ ದಾರಿಯಲ್ಲಿ ಗುಡ್ಡ ಹತ್ತಿ ಮೇಲಿನ ಪ್ರಾರ್ಥನಾಲಯದ ಬಳಿ ಸೇರುತ್ತಾರೆ. ಬಾಲಏಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳ ಕಥೆಯಿದು. ಒಮ್ಮೆ ರಾಜನಾದ ಹುಡುಗ ಆ ಕಥೆಯನ್ನು ಮುದುಕನಾಗುವವರೆಗೂ ಮರೆಯುವುದಿಲ್ಲ. ಅಡಿಕೆ ಹಾಳೆಯ ಕಿರೀಟ ಕಟ್ಟಿ ಅಂಗಳದಲ್ಲಿ ಯಕ್ಷಗಾನ ಆಡಿದ ನಮ್ಮ ಕಡೆಯವರಿಗೆ, ಮೊಸರು ಕುಡಿಕೆಗೆ ಹೆಗಲ ಮೇಲೆ ಹೆಗಲೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೋವೆಯಲ್ಲಿ ಮಕ್ಕಳಿಗೆ ಧರ್ಮ ಕಲಿಸುವ ಮಾತು ಬಂದರೆ ಫ್ರಾನ್ಸಿಸ್ ಕ್ಸೇವಿಯರರಿಂದಲೇ ಸುರು ಮಾಡಬೇಕು. 1542ರ ಮೇ 6ರಂದು ಅವರು ಗೋವೆಗೆ ಬಂದಿಳಿದರು. ಕೈಯಲ್ಲೊಂದು ಗಂಟೆ ಹಿಡಿದು ಬೀದಿಬೀದಿ ತಿರುಗಿ, ಮಕ್ಕಳನ್ನೂ ಮನೆಯಾಳುಗಳನ್ನೂ ಕೂಗಿ ಕರೆದರು. ಸದ್ದಿಗೆ ಹಿಂದೆ ಬಿದ್ದ ಹಿಂಡನ್ನು ರೋಸರಿ ಮಾತೆಯ ಇಗರ್ಜಿಗೆ ಕರೆದೊಯ್ದು, ಜಪಗಳನ್ನು ರಾಗ ಹಾಕಿ ಹಾಡಿಸಿದರು. ಮುನ್ನೂರಕ್ಕೂ ಮಿಕ್ಕಿ ಮಕ್ಕಳು ಬರುತ್ತಿದ್ದರೆಂದು ಅವರೇ ಕಾಗದ ಬರೆದಿದ್ದಾರೆ. ಮಕ್ಕಳು ಕಲಿತದ್ದನ್ನು ಮನೆಗೆ ಹೋಗಿ ದೊಡ್ಡವರಿಗೆ ಹೇಳಿಕೊಟ್ಟರು. ಬೆತ್ತ ಹಿಡಿದು ಕೂರಿಸುವುದಕ್ಕಿಂತ ಗಂಟೆ ಬಾರಿಸಿ ಓಡಿಸುವುದು ಮೇಲೆಂದು ಆ ಪಾದ್ರಿಗೆ ನಾನೂರೈವತ್ತು ವರ್ಷಗಳಿಗೂ ಹಿಂದೆಯೇ ಹೊಳೆದಿತ್ತು.

ಆದರೆ ಅರ್ಧ ಕಥೆ ಹೇಳಿ ನಿಲ್ಲಿಸುವುದು ನಮಗೆ ಸರಿಕಾಣದು. ಅದೇ ಕ್ಸೇವಿಯರರು ಮುತ್ತಿನ ಕರಾವಳಿಯ ಕುರಿತು ಬರೆದ ಕಾಗದಗಳಲ್ಲಿ, ಮಕ್ಕಳನ್ನು ಕರಕೊಂಡು ಹೋಗಿ ಅವರ ಹೆತ್ತವರೇ ಪೂಜಿಸುತ್ತಿದ್ದ ವಿಗ್ರಹಗಳನ್ನು ಒಡೆಸಿದ್ದನ್ನೂ ಸಂತೋಷದಿಂದ ವರ್ಣಿಸಿದ್ದಾರೆ. 1559ರ ರಾಜಾಜ್ಞೆಯೊಂದು ಅನಾಥ ಹಿಂದೂ ಮಕ್ಕಳನ್ನು ಹಿಡಿದು ಸಂತ ಪಾವ್ಲರ ಕಾಲೇಜಿಗೆ ಒಪ್ಪಿಸಿ ಜ್ಞಾನಸ್ನಾನ ಕೊಡಿಸಬೇಕೆಂದಿತು. ಮರುವರ್ಷವೇ ಧರ್ಮವಿಚಾರಣೆಯ ನ್ಯಾಯಾಲಯ ಬಂತು, ಅದು ತೊಲಗಿದ್ದು 1812ರಲ್ಲಿ. ಅಂಜಿ ಊರು ಬಿಟ್ಟವರ ಸಂತತಿ ನಮ್ಮ ನಡುವೆಯೇ ಇದೆ. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕೊಂಕಣಿ ಮನೆತನಗಳನ್ನು ಕೇಳಿ ನೋಡಿ. ಕೈಗೆ ಹೂ ಕೊಟ್ಟರೆ ಆಟ; ಇನ್ನೊಬ್ಬನ ದೇವರನ್ನು ಒಡೆಯಲು ಕಲ್ಲು ಕೊಟ್ಟರೆ ಅದು ಆಟವಲ್ಲ, ಮಗುವನ್ನು ಸಿಪಾಯಿ ಮಾಡಿದಂತೆ.

ಹಾಗಿದ್ದೂ ಆಟ ಉಳಿಯಿತು. ಉಳಿಸಿದ್ದು ಭಾಷೆಯೆಂದು ನಮ್ಮ ಎಣಿಕೆ. ಇಂಗ್ಲೆಂಡಿನಿಂದ ಬಂದ ತೋಮಸ್ ಸ್ಟೀಫನ್ಸ್ ಎಂಬ ಪಾದ್ರಿ ಕೊಂಕಣಿ, ಮರಾಠಿ ಕಲಿತು, ಮರಾಠಿಯ ಓವಿ ಮಟ್ಟಿನಲ್ಲಿ ಕ್ರಿಸ್ತಪುರಾಣವನ್ನು ರಚಿಸಿದರು. ಅದು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಗುರುಶಿಷ್ಯರ ಸವಾಲು ಜವಾಬಿನ ರೂಪದಲ್ಲಿ ಅವರು ಕೊಂಕಣಿಯಲ್ಲಿ ಬರೆದ ಧರ್ಮೋಪದೇಶದ ಪುಸ್ತಕ, ಅವರು ತೀರಿಕೊಂಡ ಮೇಲೆ 1622ರಲ್ಲಿ ಹೊರಬಂತು. ಮುಂದೆ 1684ರಲ್ಲಿ ವೈಸರಾಯ್ ಒಂದು ಆಜ್ಞೆ ಹೊರಡಿಸಿದ: ಮೂರು ವರ್ಷಗಳೊಳಗೆ ಜನ ಕೊಂಕಣಿ ಬಿಟ್ಟು ಪೋರ್ತುಗೀಸ್ ಮಾತಾಡಬೇಕು! ಗಡುವು ಕೊಟ್ಟು ತಾಯ್ನುಡಿ ಬಿಡಿಸುವುದೆಂದರೇನೆಂದು 1956ರ ನಂತರ ಹುಟ್ಟಿದ ನಮ್ಮ ಮಕ್ಕಳಿಗೂ ಅರ್ಥವಾದೀತು. ವೈಸರಾಯ್ ಹೋದ, ಪೋರ್ತುಗೀಸರು 1961ರಲ್ಲಿ ಹೋದರು. ಬಾವಿಕಟ್ಟೆಯ ಹಾಡು ಇವತ್ತಿಗೂ ಕೊಂಕಣಿಯಲ್ಲೇ ಇದೆ. ಆಜ್ಞೆಯ ಕಾಗದ ಬಾವಿಕಟ್ಟೆಗೆ ತಲುಪಲಿಲ್ಲವೋ, ತಲುಪಿದರೂ ಒದ್ದೆಯಾಯಿತೋ!

ಗೋವೆಯಿಂದ ಹೊರಟವರಲ್ಲಿ ಕ್ರೈಸ್ತರೂ ಇದ್ದರು. ಅವರ ಇಗರ್ಜಿಗಳು ಮಂಗಳೂರಿನಿಂದ ನಮ್ಮ ಬೇಳ, ಕಯ್ಯಾರುಗಳ ತನಕ ಹಬ್ಬಿವೆ. ಭಾನುವಾರದ 'ದೊತೊರ್ನ್' ಪಾಠದಲ್ಲಿ ಮಕ್ಕಳು ಕಿಟಕಿ ನೋಡುತ್ತ ಆಕಳಿಸುವುದೂ ಎಲ್ಲ ಕಡೆಯಂತೆ ಇದ್ದದ್ದೇ. ಆದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಅದೇ ಮಕ್ಕಳನ್ನು ನೋಡಬೇಕು. ಬೆಳಗಾಗುವ ಮೊದಲೇ ಎದ್ದು, ನೆರೆಮನೆಯ ಬೇಲಿಯಿಂದಲೂ ಕೇಳಿ ತಂದ ಹೂವುಗಳಿಂದ ಬುಟ್ಟಿ ತುಂಬಿಸುತ್ತಾರೆ. ಆ ನೆರೆಮನೆ ಶೆಣೈಯವರದೋ, ಭಟ್ಟರದೋ, ಬ್ಯಾರಿಗಳದೋ ಆಗಿರಬಹುದು. ಮರಿಯಮ್ಮನ ಹುಟ್ಟುಹಬ್ಬವೆಂದು ಅವರಿಗೂ ಹಾಗೆಯೇ ಗೊತ್ತಾಗುತ್ತದೆ. ಸಾಲಾಗಿ ಹೋಗಿ ಮಾತೆಯ ಮುಂದೆ ಹೂ ಎರಚುತ್ತ ಹಾಡುತ್ತಾರೆ. ಕೊನೆಯ ದಿನ ಹೊಸ ತೆನೆಯ ಆಶೀರ್ವಾದವಾದ ಮೇಲೆ ಕಬ್ಬು ಹಂಚುತ್ತಾರೆ. ಖಾಲಿ ಹೂಬುಟ್ಟಿಯನ್ನು ತಮ್ಮನ ತಲೆಗೆ ಕವುಚಿ, ಕಬ್ಬು ಸಿಗಿಯುತ್ತ ಹುಡುಗರು ಗದ್ದೆಯ ಹುಣಿಯಲ್ಲಿ ಮನೆಗೆ ಓಡುತ್ತಾರೆ.