ಗಾಲಿಯ ಮೇಲೊಂದು ಮನೆ

ಮನೆಯನ್ನೇ ಜೊತೆಗೆ ಎಳೆದುಕೊಂಡು ಊರೂರು ತಿರುಗಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ನಮ್ಮ ಹಳ್ಳಿಗಳಿಂದ ಜಾತ್ರೆಗೆ ಹೊರಡುತ್ತಿದ್ದ ಕಮಾನು ಬಂಡಿಯನ್ನು ನೆನೆಯಿರಿ. ಕೆಳಗೆ ಹುಲ್ಲಿನ ಮೆತ್ತೆ, ಮೇಲೆ ಬಿದಿರಿನ ಕಮಾನು, ಅದಕ್ಕೆ ಚಾಪೆಯ ಹೊದಿಕೆ, ಒಳಗೆ ಬುತ್ತಿಯ ಗಂಟು, ನೀರಿನ ಬಿಂದಿಗೆ. ಎತ್ತುಗಳ ಸ್ಥಾನದಲ್ಲಿ ಮೋಟಾರು ಕಾರನ್ನೂ ಚಾಪೆಯ ಸ್ಥಾನದಲ್ಲಿ ಅಲ್ಯೂಮಿನಿಯಂ ತಗಡನ್ನೂ ಕಲ್ಪಿಸಿಕೊಂಡರೆ, ಅದೇ ಇಂದಿನ ಪ್ರವಾಸದ ಟ್ರೇಲರ್.

ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು ಕಾವೇರಿಯ ದಡಕ್ಕೆ ಹೋಗಿ ರಾತ್ರಿ ತಂಗಬೇಕೆಂದು ಬಯಸುವ ಕುಟುಂಬವೊಂದು ಇಂತಹ ಟ್ರೇಲರನ್ನು ಕೊಳ್ಳಲು ಹೊರಟಿತೆನ್ನೋಣ. ಮಕ್ಕಳ ಕಣ್ಣು ಅದರ ಅಂದದ ಮೇಲೆ, ತಾಯಿಯ ಕಣ್ಣು ಗಟ್ಟಿತನದ ಮೇಲೆ, ತಂದೆಯ ಕಣ್ಣು ಬೆಲೆಯ ಮೇಲೆ. ಈ ಮೂರನ್ನೂ ತೂಗಿ ನೋಡುವ ತಕ್ಕಡಿ ಯಾವುದು? ಭೌತಶಾಸ್ತ್ರದ ಕೆಲವು ಸರಳ ನಿಯಮಗಳೇ ಆ ತಕ್ಕಡಿ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಹಿಂದಿನ ಕಥೆ

ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಗಾಲಿಮನೆಗಳಲ್ಲಿ ಪ್ರಸಿದ್ಧವಾದುದು ‘ವಾಂಡರರ್’. ಡಾ. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ಅದನ್ನು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕಾರ್ಖಾನೆಯಲ್ಲಿ ಕಟ್ಟಿಸಿದರು. ಮರದಿಂದ ಮಾಡಿದ ಅದು ಸೊಗಸಾಗಿಯೇ ಇತ್ತು. ಆದರೆ ಸುಮಾರು ಎರಡು ಟನ್ ತೂಗುತ್ತಿದ್ದ ಅದನ್ನು ಎಳೆಯಲು ಎರಡು ಕುದುರೆಗಳು ಬೇಕಾಗಿದ್ದವು. ಮೋಟಾರು ಬಂದ ಮೇಲೆ ತೂಕವನ್ನಿಳಿಸುವುದೇ ಎಲ್ಲರ ಗುರಿಯಾಯಿತು. 1930ರ ದಶಕದಲ್ಲಿ ಅಮೆರಿಕದ ಹಾಲಿ ಬೌಲಸ್ ಮತ್ತು ವಾಲಿ ಬಯಮ್ ಅವರು ವಿಮಾನದ ಮೈಕಟ್ಟನ್ನು ಅನುಸರಿಸಿ, ತೆಳುವಾದ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದರು. ಬಯಮ್ ಅವರ ‘ಏರ್‌ಸ್ಟ್ರೀಮ್’ ಇಂದಿಗೂ ತಯಾರಾಗುತ್ತಿದೆ.

ಇದೇ ವಿದ್ಯೆ ನಮ್ಮ ಬೆಂಗಳೂರಿಗೂ ಅಪರಿಚಿತವಲ್ಲ. 1940ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆಯು ಯುದ್ಧಾನಂತರ ರೈಲ್ವೆಗಾಗಿ ಸಂಪೂರ್ಣ ಲೋಹದ ಗಾಡಿಗಳನ್ನು ತಯಾರಿಸಿತು. 1964ರಲ್ಲಿ ಹುಟ್ಟಿದ ಬಿ.ಇ.ಎಂ.ಎಲ್. ಸಂಸ್ಥೆಗೆ ಆ ಕೆಲಸ ವರ್ಗವಾಯಿತು. ಹಗುರವಾದ, ಆದರೆ ಗಟ್ಟಿಯಾದ ಚಲಿಸುವ ಕೋಣೆಯನ್ನು ಕಟ್ಟುವುದು ಹೇಗೆಂಬುದನ್ನು ಈ ನಗರ ಬಹುಕಾಲದಿಂದ ಬಲ್ಲದು.

ಮುಂಭಾರ, ಹಿಂಭಾರ

ಬಂಡಿ ಹೊಡೆಯುವವರು ಹೇರನ್ನು ತುಂಬುವಾಗ ಒಂದು ಎಚ್ಚರಿಕೆ ವಹಿಸುತ್ತಾರೆ. ಹೇರು ಮುಂದಕ್ಕೆ ಹೆಚ್ಚಾದರೆ ‘ಮುಂಭಾರ’; ಎತ್ತಿನ ಕುತ್ತಿಗೆ ನಲುಗುತ್ತದೆ. ಹಿಂದಕ್ಕೆ ಹೆಚ್ಚಾದರೆ ‘ಹಿಂಭಾರ’, ಮೂಕಿ ಮೇಲೇಳುತ್ತದೆ. ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ದೀರ್ಘಕಾಲ ಶ್ರಮಿಸಿದರು. ಒರಟು ನೊಗದಿಂದ ಎತ್ತುಗಳಿಗಾಗುವ ಹಿಂಸೆಯನ್ನು ಅವರು ಎತ್ತಿ ತೋರಿಸಿ, ಗಾಡಿಗೆ ಬೇರಿಂಗ್ ಮತ್ತು ರಬ್ಬರ್ ಟೈರು ಬೇಕೆಂದು ವಾದಿಸಿದರು.

ಕಾರಿನ ಹಿಂದಿನ ಟ್ರೇಲರಿಗೂ ಇದೇ ನಿಯಮ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಕಾರಿನ ಕೊಂಡಿಯ ಮೇಲೆ ಕೂರಬೇಕೆಂಬುದು ಅಮೆರಿಕದಲ್ಲಿ ರೂಢಿಯಾಗಿರುವ ಅಳತೆ. 600 ಕಿಲೋಗ್ರಾಂ ಟ್ರೇಲರಿಗೆ ಇದು 60ರಿಂದ 90 ಕಿಲೋ. ಈಗ ಕೊಂಡಿಯ ಮೇಲೆ 60 ಕಿಲೋ ಇರುವ ಟ್ರೇಲರಿನಲ್ಲಿ, ಅಚ್ಚಿನಿಂದ ಒಂದೂವರೆ ಮೀಟರ್ ಹಿಂದೆ, 40 ಲೀಟರ್ ನೀರಿನ ಡ್ರಮ್ಮನ್ನು ಇಟ್ಟೆವೆನ್ನೋಣ. ಕೊಂಡಿಯು ಅಚ್ಚಿನಿಂದ 3 ಮೀಟರ್ ಮುಂದಿದ್ದರೆ, ಸನ್ನೆಯ ನಿಯಮದಂತೆ ಕೊಂಡಿಯ ಮೇಲಿನ ಭಾರ 20 ಕಿಲೋ ಇಳಿಯುತ್ತದೆ. ಉಳಿದದ್ದು 640ಕ್ಕೆ 40, ಅಂದರೆ ನೂರಕ್ಕೆ 6 ಮಾತ್ರ. ಇಂತಹ ಟ್ರೇಲರ್ ವೇಗ ಹೆಚ್ಚಿದಂತೆ ಹಾವಿನ ಬಾಲದಂತೆ ಎಡಕ್ಕೂ ಬಲಕ್ಕೂ ತೂಗಾಡತೊಡಗಿ, ಕೊನೆಗೆ ಕಾರನ್ನೂ ಎಳೆದುಕೊಂಡು ಉರುಳಬಹುದು. ಒಂದು ಡ್ರಮ್ಮಿನ ಸ್ಥಾನದಲ್ಲಿ ಒಂದು ಕುಟುಂಬದ ಪ್ರಾಣವೇ ಅಡಗಿದೆ!

ಘಾಟಿಯನ್ನು ಇಳಿಯುವಾಗಿನ ಲೆಕ್ಕವೂ ಅಷ್ಟೇ ಗಂಭೀರವಾದುದು. 600 ಕಿಲೋ ತೂಕ 500 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯು ಸುಮಾರು 9 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಬಲ್ಲದು. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಆ ಕಾವಿನ ಬಹುಭಾಗವನ್ನು ಕಾರಿನ ಬ್ರೇಕುಗಳೇ ನುಂಗಬೇಕು. ಚಾರ್ಮಾಡಿ, ಆಗುಂಬೆಗಳ ತಿರುವುಗಳಲ್ಲಿ ಇದು ಆಟದ ಮಾತಲ್ಲ.

ಅಂದ ಮತ್ತು ಗಾಳಿ

ಅಂದವೆಂದರೆ ಬಣ್ಣವೊಂದೇ ಅಲ್ಲ. ಗಾಳಿಯ ತಡೆಯು ವೇಗದ ವರ್ಗಕ್ಕನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿಲೋಮೀಟರಿನಿಂದ 90ಕ್ಕೆ ಹೋದರೆ ತಡೆ 2.25 ಪಟ್ಟಾಗುತ್ತದೆ, ಅದನ್ನು ಗೆಲ್ಲಲು ಬೇಕಾದ ಎಂಜಿನ್ ಸಾಮರ್ಥ್ಯ ಸುಮಾರು 3.4 ಪಟ್ಟು. ಆದುದರಿಂದಲೇ ಮುಂದೆ ದುಂಡಾಗಿ, ಹಿಂದೆ ಇಳಿಜಾರಾಗಿ, ನೀರಹನಿಯಂತಿರುವ ಪುಟ್ಟ ಟ್ರೇಲರುಗಳು 1930ರ ದಶಕದಿಂದಲೂ ಜನಪ್ರಿಯವಾಗಿವೆ. ಇವುಗಳಲ್ಲಿ ಮಲಗಲು ಇಬ್ಬರಿಗೆ ಸ್ಥಳವುಂಟು. ಅಡುಗೆಯ ಕಟ್ಟೆ ಹಿಂಬದಿಯ ಮುಚ್ಚಳದ ಕೆಳಗೆ. ಎದ್ದು ನಿಲ್ಲುವಂತಿಲ್ಲವೆಂಬುದೇ ಅಂದಕ್ಕೆ ತೆರಬೇಕಾದ ತೆರಿಗೆ. ಪೆಟ್ಟಿಗೆಯಾಕಾರದ ಟ್ರೇಲರಿನಲ್ಲಿ ನಿಲ್ಲಬಹುದು, ಆದರೆ ಪೆಟ್ರೋಲು ಹೆಚ್ಚು ಸುಡುತ್ತದೆ. ಅಡ್ಡಗಾಳಿಗೂ ಅದು ಬೇಗ ಅಲುಗುತ್ತದೆ.

ಗೋಡೆಯ ಗುಟ್ಟು

ಗಟ್ಟಿತನವನ್ನು ಹುಡುಕಬೇಕಾದ ಸ್ಥಳ ಗೋಡೆ. ಮರದ ಚೌಕಟ್ಟಿಗೆ ತಗಡು ಹೊಡೆದ ಗೋಡೆ ಅಗ್ಗ. ಆದರೆ ಸಂದುಗಳು ಹಲವು. ನುರೆಯಂತಹ ಹಗುರವಾದ ಪ್ಲಾಸ್ಟಿಕ್ಕಿನ ಎರಡೂ ಬದಿಗೆ ತೆಳು ಹಾಳೆಗಳನ್ನು ಅಂಟಿಸಿದ ಗೋಡೆ ಹಗುರವೂ ಬಿಗಿಯೂ ಆಗಿರುತ್ತದೆ. ಹೊರಗಿನ ಎರಡು ಹಾಳೆಗಳು ಪರಸ್ಪರ ದೂರದಲ್ಲಿರುವುದರಿಂದ ಬಾಗುವಿಕೆಯನ್ನು ಬಲವಾಗಿ ತಡೆಯುತ್ತವೆ. ಒಳಗಿನ ನುರೆಯು ಬಿಸಿಲ ಕಾವನ್ನೂ ತಡೆಯುತ್ತದೆ. ಮೂರನೆಯದು ಫೈಬರ್‌ಗ್ಲಾಸ್. 1968ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ಪ್ರಾರಂಭವಾದ ‘ಬೋಲರ್’ ಟ್ರೇಲರ್, ಮೊಟ್ಟೆಯ ಚಿಪ್ಪಿನಂತೆ ಮೇಲಿನ ಮತ್ತು ಕೆಳಗಿನ ಎರಡೇ ಅಚ್ಚುಗಳನ್ನು ಕೂಡಿಸಿ ಮಾಡಿದುದು. ಸಂದು ಕಡಮೆಯಾದಷ್ಟೂ ನೀರಿಗೆ ದಾರಿ ಕಡಮೆ.

ನೀರೇ ಟ್ರೇಲರಿನ ಪರಮಶತ್ರು. ಮಲೆನಾಡಿನ ಮಳೆಯಲ್ಲಿ ಒಂದು ಮೊಳೆಯ ರಂಧ್ರ ಸಾಕು. ಮರ ಕೊಳೆಯುತ್ತದೆ, ಅಂಟು ಬಿಡುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಕೊಳ್ಳುವ ಮುನ್ನ ಅರ್ಧ ಗಂಟೆ ಕೊಳವೆಯಿಂದ ನೀರು ಬಿಟ್ಟು, ಒಳಗಿನ ಮೂಲೆಗಳನ್ನೂ ಕಿಟಕಿಯ ಅಂಚುಗಳನ್ನೂ ಕೈಯಿಂದ ಸವರಿ ನೋಡಿರಿ. ಹೊಳೆಯುವ ಬಣ್ಣ ಹೇಳದ ಸತ್ಯವನ್ನು ಒದ್ದೆಯಾದ ಬೆರಳು ಹೇಳುತ್ತದೆ.

ಬೆಲೆಯ ಲೆಕ್ಕ

ಅಂಗಡಿಯ ಚೀಟಿಯಲ್ಲಿರುವುದು ಪೂರ್ತಿ ಬೆಲೆಯಲ್ಲ. ಒಂದು ರಾತ್ರಿಯ ಬೆಲೆಯನ್ನು ನೋಡಬೇಕು. ಲೆಕ್ಕದ ರೀತಿಯನ್ನು ತೋರಿಸಲೆಂದೇ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. 6 ಲಕ್ಷ ರೂಪಾಯಿಯ ಗಟ್ಟಿ ಟ್ರೇಲರ್ 10 ವರ್ಷ ಬಾಳಿ 2 ಲಕ್ಷಕ್ಕೆ ಮಾರಾಟವಾದರೆ ನಷ್ಟ 4 ಲಕ್ಷ. ವಿಮೆ, ಟೈರು, ನಿಲ್ಲಿಸುವ ಸ್ಥಳದ ಬಾಡಿಗೆಗೆ ವರ್ಷಕ್ಕೆ 30 ಸಾವಿರದಂತೆ 3 ಲಕ್ಷ. ಒಟ್ಟು 7 ಲಕ್ಷ. ವರ್ಷಕ್ಕೆ 15 ರಾತ್ರಿಯಂತೆ 150 ರಾತ್ರಿಗಳಾದರೆ ರಾತ್ರಿಗೆ ಸುಮಾರು 4,670 ರೂಪಾಯಿ. 4 ಲಕ್ಷದ ಅಗ್ಗದ ಟ್ರೇಲರ್ 5 ವರ್ಷದಲ್ಲಿ ಕೊಳೆತು ಗುಜರಿ ಸೇರಿದರೆ? ಖರ್ಚು ಐದೂವರೆ ಲಕ್ಷ, ರಾತ್ರಿಗಳು 75. ರಾತ್ರಿಗೆ 7,330 ರೂಪಾಯಿಗೂ ಮಿಕ್ಕಿತು. ಅಗ್ಗವೇ ದುಬಾರಿಯಾಯಿತಲ್ಲವೆ? ಎರಡು ಲೆಕ್ಕಗಳನ್ನೂ ಕೋಣೆಯ ಬಾಡಿಗೆಯೊಡನೆ ಹೋಲಿಸಿ ನೋಡಿದರೆ, ನಾಲ್ಕು ಮನೆಯವರು ಕೂಡಿ ಒಂದನ್ನು ಕೊಳ್ಳುವುದೇ ಜಾಣತನವೆಂದು ತೋರಬಹುದು. 60 ರಾತ್ರಿಗಳಾದಾಗ ನಿಲ್ಲಿಸುವ ಬಾಡಿಗೆಯೂ ವಿಮೆಯೂ ಹಂಚಿಹೋಗುತ್ತವೆ.

ನಿಲ್ಲಿಸುವ ಸ್ಥಳವಂತೂ ದಕ್ಷಿಣ ಬೆಂಗಳೂರಿನಲ್ಲಿ ಸಣ್ಣ ಸಮಸ್ಯೆಯಲ್ಲ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಕಾರಿಗೇ ಜಾಗ ಸಾಲದು; ಬಿ.ಟಿ.ಎಂ. ಬಡಾವಣೆಯ ಅಡ್ಡರಸ್ತೆಯಲ್ಲಿ ಟ್ರೇಲರ್ ನಿಲ್ಲಿಸಿದರೆ ನೆರೆಯವರ ದಾರಿ ಮುಚ್ಚುತ್ತದೆ. ಜಯನಗರದ ಮರಗಳ ತಗ್ಗಾದ ಕೊಂಬೆಗಳು ಎತ್ತರದ ಛಾವಣಿಯನ್ನು ಗೀಚದೆ ಬಿಡವು.

ಕಾನೂನನ್ನೂ ಮರೆಯಬಾರದು. 1988ರ ಮೋಟಾರು ವಾಹನಗಳ ಅಧಿನಿಯಮದಂತೆ ಟ್ರೇಲರಿಗೂ ನೋಂದಣಿ ಬೇಕು; ಎಳೆಯುವ ವಾಹನದ ಸಂಖ್ಯೆಯನ್ನು ಅದರ ಮೇಲೂ ಪ್ರದರ್ಶಿಸಬೇಕು. ಕಾರಿನ ಕೈಪಿಡಿಯನ್ನು ಓದುವುದು ಇನ್ನೂ ಮುಖ್ಯ. ಕೆಲವು ಕಾರುಗಳು ಟ್ರೇಲರ್ ಎಳೆಯಲು ತಕ್ಕವಲ್ಲವೆಂದು ತಯಾರಕರೇ ಸ್ಪಷ್ಟವಾಗಿ ಹೇಳಿರುತ್ತಾರೆ.

ಹಾಗಾದರೆ ತೂಗುವ ಕ್ರಮವೇನು? ಮೊದಲು ಕಾರು ಎಳೆಯಬಲ್ಲ ತೂಕ ಮತ್ತು ಬ್ರೇಕ್. ಅನಂತರ ನೀರು ನುಗ್ಗದ ಗೋಡೆ. ಅದಾದ ಮೇಲೆ ರಾತ್ರಿಯೊಂದರ ಬೆಲೆ. ಕೊನೆಗೆ ಕಣ್ಣಿಗೆ ಹಿಡಿಸುವ ಅಂದ. ಈ ಕ್ರಮವನ್ನು ತಲೆಕೆಳಗು ಮಾಡಿದವರು ಹಣವನ್ನಷ್ಟೇ ಅಲ್ಲ, ನೆಮ್ಮದಿಯನ್ನೂ ಕಳೆದುಕೊಂಡಾರು. ವಾಚಕರು ಮುಂದಿನ ಬಾರಿ ಹೇರು ತುಂಬಿದ ಬಂಡಿಯೊಂದನ್ನು ಕಂಡಾಗ ಅದರ ಮೂಕಿಯನ್ನೊಮ್ಮೆ ಗಮನಿಸಲಿ. ಟ್ರೇಲರ್ ಶಾಸ್ತ್ರದ ಮೊದಲ ಪಾಠ ಅಲ್ಲೇ ಇದೆ.